ದೊಡ್ಡಮ್ಮನ ಅಳತೆಗಳು

ದೊಡ್ಡಮ್ಮನಿಗೆ ಲಕ್ವ ಹೊಡೆದದ್ದು ಒಂದು ಸೋಮವಾರ ಬೆಳಿಗ್ಗೆ ಏಳೂಕಾಲಿಗೆ, ಬ್ರೆಡ್ಡಿನ ಹಿಟ್ಟು ಅಳೆಯುತ್ತಿದ್ದಾಗ. ತಗಡಿನ ಲೋಟದ ತುಂಬ ಹಿಟ್ಟು ತೆಗೆದು, ಚಾಕುವಿನ ಬೆನ್ನಿನಿಂದ ಮೇಲೆ ಸವರಿ, ದೊಡ್ಡ ಪಾತ್ರೆಗೆ ಸುರಿಯುತ್ತ ಅವರು ಎಂದಿನಂತೆ ತಮ್ಮ ಭಾಷೆಯಲ್ಲಿ ಎಣಿಸುತ್ತಿದ್ದರು. ಹದಿನಾಲ್ಕರವರೆಗೆ ಎಣಿಕೆ ನೆಟ್ಟಗಿತ್ತು. ಹದಿನೈದನೆಯ ಲೋಟ ಅರ್ಧ ಪಾತ್ರೆಗೆ, ಅರ್ಧ ನೆಲಕ್ಕೆ ಬಿತ್ತು. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಸಣ್ಣಕ್ಕ ತಲೆ ಎತ್ತುವಷ್ಟರಲ್ಲಿ ದೊಡ್ಡಮ್ಮನ ಬಾಯಿ ಒಂದು ಕಡೆಗೆ ಜಾರಿತ್ತು. ಬಲಗೈ ಬೇರೆ ಯಾರದೋ ಕೈಯಂತೆ ಜೋತುಬಿದ್ದಿತ್ತು. ಸಣ್ಣಕ್ಕ ಅವರನ್ನು ಹಿಂದಿನಿಂದ ತಬ್ಬಿ ಹಿಡಿದು, ಹಿಟ್ಟಿನ ಮೂಟೆಯ ಮೇಲೆ ಕೂರಿಸಿ, ಮಹಡಿಯತ್ತ ಮುಖ ಮಾಡಿ ಕೂಗಿದಳು.

ಅದು ನರ್ಸಿಂಗ್ ಕಲಿಯುವ ಹುಡುಗಿಯರ ಹಾಸ್ಟೆಲ್ ಆಗಿದ್ದದ್ದು ಪುಣ್ಯ. ಕೂಗು ಕೇಳಿ ಹದಿನೈದು ಹುಡುಗಿಯರು ಮೆಟ್ಟಿಲಿಳಿದು ಬಂದರು. ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಬಂತು. ಜೀವ ಉಳಿಯಿತು. ಮಾತು ಮಾತ್ರ ಅರ್ಧಕ್ಕರ್ಧ ಹೋಯಿತು.

ಹೋದದ್ದು ಯಾವ ಅರ್ಧ ಎಂಬುದು ಆಸ್ಪತ್ರೆಯಲ್ಲಿ ಎರಡು ದಿನ ಕಳೆದ ಮೇಲೆ ತಿಳಿಯಿತು. ಸಣ್ಣಕ್ಕ ದೊಡ್ಡಮ್ಮ ಎಂದು ಕರೆಯುತ್ತಿದ್ದ ಈ ಮುಖ್ಯ ಅಡುಗೆಯವರ ತಾಯಿನುಡಿ ಸ್ಪ್ಯಾನಿಷ್. ಇಪ್ಪತ್ತಾರು ವರ್ಷದ ಹಿಂದೆ ಈ ಊರಿಗೆ ಬಂದು, ಊರಿನ ಮಾತನ್ನು ಕೆಲಸ ಮಾಡುತ್ತಲೇ ಕಲಿತವರು. ಸಣ್ಣಕ್ಕನ ಕಥೆಯೂ ಹೆಚ್ಚುಕಡಿಮೆ ಹಾಗೆಯೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಊರಿನ ಮಾತು. ಇಬ್ಬರದೂ ಅಲ್ಲದ ಆ ಮೂರನೆಯ ಭಾಷೆಯಲ್ಲೇ ಹನ್ನೊಂದು ವರ್ಷ ಅವರು ಬೈದಾಡಿಕೊಂಡು, ನಕ್ಕುಕೊಂಡು, ನೂರಿಪ್ಪತ್ತು ಹುಡುಗಿಯರ ಹೊಟ್ಟೆ ತುಂಬಿಸಿದ್ದರು. ಈಗ ದೊಡ್ಡಮ್ಮನ ತಲೆಯಿಂದ ಊರಿನ ಮಾತು ಒರೆಸಿದಂತೆ ಹೋಗಿತ್ತು. ಸ್ಪ್ಯಾನಿಷ್ ಉಳಿದಿತ್ತು, ಅದೂ ಚೂರುಚೂರಾಗಿ.

"ಎರಡು ಕಪಾಟು ಅಂದ್ಕೊಳ್ಳಿ," ಎಂದರು ಮಾತು ಕಲಿಸುವ ಮೇಡಂ. ಲಕ್ವ ಹೊಡೆದವರಿಗೆ ಮತ್ತೆ ಮಾತಾಡಿಸುವುದೇ ಅವರ ಉದ್ಯೋಗ. "ಒಂದರ ಬಾಗಿಲು ಬಿಗಿದುಕೊಂಡಿದೆ. ಇನ್ನೊಂದು ಸ್ವಲ್ಪ ತೆರೆದಿದೆ. ತೆರೆದಿರೋ ಕಡೆಯಿಂದ ಕೈ ಹಾಕ್ಬೇಕು. ಇವರ ಕಡೆಯವರು ಯಾರಾದ್ರೂ ಇದ್ದಾರಾ?"

"ಇವರ ಅಕ್ಕನ ಮಗ ಒಬ್ಬ ಇದ್ದಾನಂತೆ, ದೂರದ ಊರಲ್ಲಿ. ಬಸ್ ಡ್ರೈವರ್. ಈಗಲೇ ರಜೆ ಸಿಗಲ್ವಂತೆ."

"ಮತ್ತೆ ದಿನಾ ಬಂದು ಮಾತಾಡಿಸೋರು ಯಾರು?"

ಸಣ್ಣಕ್ಕ ಹಿಂದೆಮುಂದೆ ನೋಡಲಿಲ್ಲ. "ನಾನು," ಎಂದಳು. ತನಗೆ ಸ್ಪ್ಯಾನಿಷಿನ ಒಂದಕ್ಷರವೂ ಬಾರದು ಎಂಬುದು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಹೊಳೆಯಿತು.

ಹಿಂದೆಮುಂದೆ ನೋಡದಿರುವುದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಸಣ್ಣಕ್ಕ ದುಡಿಯುತ್ತಿದ್ದ ಬಟ್ಟೆ ಕಾರ್ಖಾನೆ ಮುಚ್ಚಿತು. ಆಗ ಅವಳಿಗೆ ಮೂವತ್ತನಾಲ್ಕು. ಗುಂಡಿ ಹೊಲಿಯುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಮೂರು ಕಡೆ ಕೇಳಿ, ಮೂರು ಕಡೆಯೂ ಇಲ್ಲ ಅನ್ನಿಸಿಕೊಂಡು ಹಾಸ್ಟೆಲಿನ ಹಿಂಬಾಗಿಲಿಗೆ ಬಂದಾಗ, ದೊಡ್ಡಮ್ಮ ಏನೂ ಕೇಳದೆ ಅವಳ ಅಂಗೈ ತಿರುಗಿಸಿ ನೋಡಿ, ಪಾತ್ರೆ ತೊಳೆಯಲು ಹಚ್ಚಿದ್ದರು. ಎರಡನೆಯ ತಿಂಗಳು ಇಪ್ಪತ್ತು ಲೀಟರ್ ಹಾಲು ನೋಡಿಕೊಳ್ಳಲು ಹೇಳಿದ್ದರು. ಸಣ್ಣಕ್ಕ ಒಂದು ಗಳಿಗೆ ಕಿಟಕಿಯಾಚೆ ನೋಡಿದಳು. ಅಷ್ಟರಲ್ಲಿ ಹಾಲು ತಳ ಹಿಡಿದು, ಸೀದ ವಾಸನೆ ಮೂರನೇ ಮಹಡಿಗೆ ಮುಟ್ಟಿತು. ವಾರ್ಡನ್ ಇಳಿದು ಬಂದು "ಯಾರ ಕೆಲಸ ಇದು?" ಎಂದಾಗ ದೊಡ್ಡಮ್ಮ ಒರೆಸುವ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, "ನಂದೇ. ವಯಸ್ಸಾಯ್ತಲ್ಲ, ಮರೆವು," ಎಂದಿದ್ದರು. ಆಮೇಲೆ ಸಣ್ಣಕ್ಕನಿಗೆ ಒಂದು ಮಾತೂ ಬೈಯಲಿಲ್ಲ. ಮಾರನೆಯ ದಿನ ಮತ್ತೆ ಹಾಲಿನ ಮುಂದೆಯೇ ನಿಲ್ಲಿಸಿದರು. ಅಂದಿನಿಂದ ಅವಳಿಗೆ ಹೇಳಿಕೊಡದ ಕೆಲಸವೇ ಇಲ್ಲ, ಒಂದನ್ನು ಬಿಟ್ಟು. ಬ್ರೆಡ್, ಕೇಕು, ಬಿಸ್ಕತ್ತಿನ ಅಳತೆಗಳು ಮಾತ್ರ ದೊಡ್ಡಮ್ಮನ ಎಣ್ಣೆ ಹಿಡಿದ ನೀಲಿ ಪುಸ್ತಕದಲ್ಲಿದ್ದವು. ಆ ಪುಸ್ತಕ ಇದ್ದದ್ದು ಸ್ಪ್ಯಾನಿಷಿನಲ್ಲಿ.

ಮೇಡಂಗೆ ಮಾತು ಕೊಟ್ಟ ಮರುದಿನದಿಂದಲೇ ಸಣ್ಣಕ್ಕ ಸಂಜೆ ನಾಲ್ಕಕ್ಕೆ ಅಡುಗೆಮನೆ ಬಿಟ್ಟು ಆಸ್ಪತ್ರೆಗೆ ಹೋಗತೊಡಗಿದಳು. ಮೊದಲ ವಾರ ಇಬ್ಬರೂ ಸುಮ್ಮನೆ ಕೂತರು. ಶುಕ್ರವಾರ ನರ್ಸ್ ಒಂದು ದೊಡ್ಡ ಬಟ್ಟಲು ಹಾಲು ತಂದಿಟ್ಟಾಗ ದೊಡ್ಡಮ್ಮ ಮುಖ ಸಿಂಡರಿಸಿ, "ಮೇದ್ಯಾ," ಎಂದರು. ಸಣ್ಣಕ್ಕನಿಗೆ ಅರ್ಥವಾಗಲಿಲ್ಲ. "ಮೇದ್ಯಾ, ಮೇದ್ಯಾ," ಎಂದು ಅವರು ಮತ್ತೆಮತ್ತೆ ಹೇಳಿ, ಕೊನೆಗೆ ಸಿಟ್ಟಿನಿಂದ ಗೋಡೆಯ ಕಡೆ ತಿರುಗಿದರು.

ಸಣ್ಣಕ್ಕ ನೇರ ಲೈಬ್ರರಿಗೆ ಹೋಗಿ, ಅಂಗೈಯಗಲದ ಒಂದು ಸ್ಪ್ಯಾನಿಷ್ ನಿಘಂಟು ಎರವಲು ತಂದಳು. ಹುಡುಕಿ ಹುಡುಕಿ ಕಂಡಿತು. ಮೇದ್ಯಾ ಎಂದರೆ ಕಾಲುಚೀಲ. ಅಯ್ಯೋ, ಕಾಲು ತಣ್ಣಗಾಗುತ್ತಿದೆ ಅಂತ ಇಷ್ಟು ಹೊತ್ತು ಒದ್ದಾಡಿದ್ದಾರಲ್ಲ ಎಂದು ಅವಳ ಕರುಳು ಚುರುಕ್ಕೆಂದಿತು. ಮರುದಿನ ಗಂಡನ ಉಣ್ಣೆ ಕಾಲುಚೀಲವನ್ನು ಒಗೆದು ಒಣಗಿಸಿ ಒಯ್ದು, ದೊಡ್ಡಮ್ಮನ ಎರಡೂ ಕಾಲಿಗೆ ಮೊಣಕಾಲಿನವರೆಗೆ ಎಳೆದು ತೊಡಿಸಿದಳು. ದೊಡ್ಡಮ್ಮ ತಮ್ಮ ಕಾಲು ನೋಡಿಕೊಂಡರು. ಸಣ್ಣಕ್ಕನ ಮುಖ ನೋಡಿದರು. ಮತ್ತೆ ಕಾಲು ನೋಡಿಕೊಂಡರು. ಆಮೇಲೆ ಮುಖದ ಎಡಭಾಗ ಅಲುಗಿತು, ಭುಜ ಕುಲುಕಿತು, ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಲಕ್ವ ಹೊಡೆದ ಮೇಲಿನ ಮೊದಲ ನಗು. ನಗು ನಿಂತಾಗ ಅವರು ಎಡಗೈ ಚಾಚಿ ಹಾಲಿನ ಬಟ್ಟಲು ಮುಟ್ಟಿ, ಬೆರಳಿನಿಂದ ಅದರ ನಡುಮಟ್ಟದಲ್ಲಿ ಗೆರೆ ಎಳೆದರು.

"ಮೇದ್ಯಾ ತಾಸಾ."

ಅರ್ಧ ಬಟ್ಟಲು. ಅಷ್ಟು ಹಾಲು ಬೇಡ, ಅರ್ಧ ಸಾಕು. ಇಷ್ಟೇ ಅವರು ಹೇಳುತ್ತಿದ್ದದ್ದು.

ಮಾತು ಕಲಿಸುವ ಮೇಡಂ ಈ ಕಥೆ ಕೇಳಿ ತಾವೂ ನಕ್ಕರು. ಆಮೇಲೆ ಯೋಚಿಸಿ ಹೇಳಿದರು: "ನೋಡಿ, ನೀರು, ನೋವು, ಹಸಿವು ಅಂತ ನಾನು ಕಲಿಸ್ತಿದ್ದೆ. ಇವರು ತಾವಾಗಿ ಹೇಳಿದ್ದು ಅಳತೆ. ಕೈ ಮಾಡಿದ ಕೆಲಸದ ಜೊತೆ ಅಂಟಿಕೊಂಡಿರೋ ಮಾತು ಗಟ್ಟಿಯಾಗಿರುತ್ತೆ. ನೀವು ಅಡುಗೆಯವರು. ಅಡುಗೆಯಿಂದಲೇ ಶುರು ಮಾಡಿ."

ಸಣ್ಣಕ್ಕ ಶುರು ಮಾಡಿದಳು. ಹಾಸ್ಟೆಲಿನಿಂದ ಅಳತೆಯ ಲೋಟ, ಚಮಚಗಳ ಗೊಂಚಲು, ಒಂದು ಡಬ್ಬಿ ಉಪ್ಪು, ಒಂದು ಡಬ್ಬಿ ಹಿಟ್ಟು ಚೀಲದಲ್ಲಿ ತುಂಬಿಕೊಂಡು ಹೋದಳು. ಹಾಸಿಗೆಯ ಮೇಲಿನ ಊಟದ ಹಲಗೆಯ ಮೇಲೆ ಒಂದೊಂದನ್ನೇ ಇಟ್ಟಳು. ದೊಡ್ಡಮ್ಮ ಎಡಗೈಯಲ್ಲಿ ಮುಟ್ಟಿ ಹೆಸರು ಹೇಳಬೇಕು, ಸಣ್ಣಕ್ಕ ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಬೇಕು. ಕೆಲವು ಹೆಸರು ಬರಲು ಹತ್ತು ನಿಮಿಷ ಹಿಡಿಯುತ್ತಿತ್ತು. ಕೆಲವು ಕೈ ಮುಟ್ಟಿದ ಕೂಡಲೇ ಉದುರುತ್ತಿದ್ದವು. ಎರಡು ಬೆರಳಲ್ಲಿ ಉಪ್ಪು ಹಿಡಿದರೆ ಪಿಸ್ಕಾ, ಅದು ಚಿಟಿಕೆ. ಮುಷ್ಟಿ ತುಂಬ ಹಿಡಿದರೆ ಪುನ್ಯಾದೋ, ಅದು ಹಿಡಿ. ಗಾಜಿನ ಲೋಟ ಬಾಸೋ, ಕಾಲುಭಾಗ ಕ್ವಾರ್ತೋ. ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಟ್ಟರೆ ಚೊರ್ರೀತೋ. ಈ ಚೊರ್ರೀತೋ ಸಣ್ಣಕ್ಕನಿಗೆ ಬಹಳ ಹಿಡಿಸಿತು. ಬಾಣಲೆಗೆ ಒಗ್ಗರಣೆ ಬಿದ್ದ ಸದ್ದೇ ಅದರಲ್ಲಿದೆ ಎಂದು ಅವಳಿಗೆ ಅನ್ನಿಸಿತು.

ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುವವನು ಗಂಡ. ಅವನು ಟೇಲರ್. ಹೊಲಿಗೆ ಯಂತ್ರದ ಪೆಡಲ್ ತುಳಿಯುತ್ತ, ಮುಂದೆ ಇಟ್ಟುಕೊಂಡ ಹಾಳೆ ನೋಡುತ್ತ ಕೇಳುತ್ತಿದ್ದ.

"ಮುಕ್ಕಾಲು ಲೋಟ?"

"ತ್ರೇಸ್ ಕ್ವಾರ್ತೋಸ್."

"ಒಂದೂವರೆ?"

"ಉನಾ ಈ ಮೇದ್ಯಾ."

"ಇಷ್ಟು ವರ್ಷ ಈ ಮನೆಯಲ್ಲಿ ಅಳತೆ ಗೊತ್ತಿದ್ದವನು ನಾನೊಬ್ಬನೇ ಅಂತ ಬೀಗ್ತಿದ್ದೆ," ಎಂದ ಅವನು ದಾರ ಕಚ್ಚಿ ಹರಿಯುತ್ತ. "ಅಳೆದು ತೂಗಿ ಮಾತಾಡು ಅಂತ ನಮ್ಮಮ್ಮ ನಿಂಗೆ ಹೇಳೋಳು. ಕೊನೆಗೂ ಮಾತು ಕೇಳಿದೆ."

"ನಿಮ್ಮ ಕಾಲುಚೀಲ ಇನ್ನೂ ಆಸ್ಪತ್ರೆಯಲ್ಲೇ ಇದೆ, ಗೊತ್ತಿರಲಿ," ಎಂದಳು ಸಣ್ಣಕ್ಕ.

ಇತ್ತ ಅಡುಗೆಮನೆ ಅವಳ ತಲೆಯ ಮೇಲೆ ಬಂದಿತ್ತು. ಮೂರು ವಾರ ಬ್ರೆಡ್ಡನ್ನು ಹೊರಗಿನಿಂದ ತರಿಸಿ ದೂಡಿದ ಮೇಲೆ, ವಾರ್ಡನ್, "ಹುಡುಗಿಯರ ಪರೀಕ್ಷೆ ಮುಗೀತು, ಒಂದು ಕೇಕ್ ಆದ್ರೂ ಮಾಡೋಕಾಗುತ್ತಾ?" ಎಂದು ಕೇಳಿದರು. ಸಣ್ಣಕ್ಕ ನೀಲಿ ಪುಸ್ತಕ ತೆರೆದಳು. ಈಗ ಅದು ಹಿಂದಿನಷ್ಟು ಕಗ್ಗಂಟಾಗಿ ಕಾಣಲಿಲ್ಲ. ತಾಸಾ ಕಂಡಿತು, ಮೇದ್ಯಾ ಕಂಡಿತು; ಬಸ್ಸಿನಲ್ಲಿ ಪರಿಚಯದವರು ಸಿಕ್ಕಿದಷ್ಟು ಖುಷಿಯಾಯಿತು. ಚಮಚಕ್ಕೆ ದೊಡ್ಡಮ್ಮ ಸಿ, ಡಿ, ಎ ಎಂಬ ಮೂರೇ ಅಕ್ಷರ ಗೀಚಿದ್ದರು. ಕುಚರಾದಾ, ಅಂದರೆ ದೊಡ್ಡ ಚಮಚ. ಅದನ್ನು ಅವಳು ಊಹಿಸಿದಳು. ಒಂದೆರಡು ಕಡೆ ಆ ಅಕ್ಷರಗಳ ನಡುವೆ ಒಂದು ಟಿ ಇತ್ತು. ಕೈ ಜಾರಿ ಬರೆದದ್ದಿರಬೇಕು ಎಂದುಕೊಂಡಳು. ಹಾಗೆ ಸೋಡಾ ಪುಡಿ ಎಂಟು ದೊಡ್ಡ ಚಮಚ ಬಿತ್ತು.

ಕೇಕು ಭರ್ಜರಿಯಾಗಿ ಉಬ್ಬಿತು. ನೋಡಲು ದಿಂಬಿನ ಹಾಗಿತ್ತು. ತಿಂದವರ ಮುಖ ಮಾತ್ರ ಒಬ್ಬೊಬ್ಬರದಾಗಿ ಬದಲಾಯಿತು. ಮೊದಲ ಸಾಲಿನ ಹುಡುಗಿ ಬಹಳ ಮರ್ಯಾದಸ್ಥೆ. ನುಂಗಿ, ನೀರು ಕುಡಿದು, "ಚೆನ್ನಾಗಿದೆ ಅಕ್ಕಾ, ಸ್ವಲ್ಪ ಸಾಬೂನಿನ ಥರ ಇದೆ," ಎಂದಳು.

ವಾರ್ಡನ್ ಇಳಿದು ಬಂದಾಗ ಸಣ್ಣಕ್ಕ ತಾನೇ ಮುಂದೆ ಹೋದಳು. "ನಂದೇ ತಪ್ಪು ಮೇಡಂ. ಪುಸ್ತಕ ಓದೋಕೆ ಇನ್ನೂ ಬರ್ತಿಲ್ಲ. ಕಲೀತೀನಿ." ವಾರ್ಡನ್ ಅವಳನ್ನೂ ಕೇಕನ್ನೂ ನೋಡಿ, "ಬೇಗ ಕಲೀರಿ," ಎಂದಷ್ಟೇ ಹೇಳಿ ಹೋದರು.

ಸಂಜೆ ಅವಳು ಆ ಕೇಕಿನ ಒಂದು ತುಂಡನ್ನೇ ದೊಡ್ಡಮ್ಮನ ಮುಂದಿಟ್ಟಳು. ದೊಡ್ಡಮ್ಮ ಕಚ್ಚಿದರು, ಕರವಸ್ತ್ರಕ್ಕೆ ಉಗಿದರು. ಸಣ್ಣಕ್ಕ ಪುಸ್ತಕದ ಪುಟ ತೋರಿಸಿ ಆ ಟಿ ಅಕ್ಷರದ ಮೇಲೆ ಬೆರಳಿಟ್ಟಳು. ದೊಡ್ಡಮ್ಮ ಚಮಚಗಳ ಗೊಂಚಲು ಎಳೆದುಕೊಂಡು, ದೊಡ್ಡದನ್ನು ಎತ್ತಿ, "ಕುಚರಾದಾ," ಎಂದರು. ಆಮೇಲೆ ಚಿಕ್ಕದನ್ನು ಎತ್ತಿ, ತಡವರಿಸದೆ, ಒಂದೇ ಉಸಿರಿನಲ್ಲಿ, "ಕುಚರಾದೀತಾ," ಎಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ತುಂಡಾಗದೆ ಬಂದದ್ದು ಅದೇ ಮೊದಲು. ಅವರಿಗೇ ಆಶ್ಚರ್ಯವಾಗಿ ಇನ್ನೆರಡು ಸಲ ಹೇಳಿ ನೋಡಿದರು.

ಸಣ್ಣಕ್ಕ ತನ್ನ ಹಾಳೆಯಲ್ಲಿ ಬರೆದುಕೊಂಡಳು: 'ಕುಚರಾದಾ ತಾಯಿ, ಕುಚರಾದೀತಾ ಮರಿ. ನಡುವೆ ಟಿ ಬಂದರೆ ಮರಿ ಚಮಚ.' ಆಮೇಲೆ ಬ್ರೆಡ್ಡಾಗಲಿ ಬಿಸ್ಕತ್ತಾಗಲಿ ಕೆಡಲಿಲ್ಲ. ದಿನಕ್ಕೊಂದು ಪುಟದಂತೆ ನೀಲಿ ಪುಸ್ತಕ ಅವಳಿಗೆ ಬಾಯಿಬಿಟ್ಟಿತು.

ಐದು ವಾರದ ನಂತರ ದೊಡ್ಡಮ್ಮನನ್ನು ಹಾಸ್ಟೆಲಿನ ಹಿಂದಿನ ಅವರ ಎರಡು ಕೋಣೆಗೆ ಕರೆತಂದರು. ನರ್ಸಿಂಗ್ ಹುಡುಗಿಯರು ಸರದಿ ಹಾಕಿಕೊಂಡು ನೋಡಿಕೊಂಡರು. ಸಣ್ಣಕ್ಕ ಮಧ್ಯಾಹ್ನದ ಊಟ ಬಡಿಸಿದ ಮೇಲೆ ಪುಸ್ತಕ ಹಿಡಿದು ಅಲ್ಲಿಗೇ ಹೋಗುತ್ತಿದ್ದಳು. ಪುಸ್ತಕದ ಕೊನೆಯ ಭಾಗಕ್ಕೆ ಬಂದಾಗ ಅವಳಿಗೆ ಹೊಸ ತಲೆನೋವು ಶುರುವಾಯಿತು. ಸೂಪು, ಸಾರು, ಪಲ್ಯಗಳ ಪುಟಗಳವು. ಅಲ್ಲಿ ಲೋಟವೂ ಇಲ್ಲ, ಚಮಚವೂ ಇಲ್ಲ. ಉಪ್ಪಿನ ಮುಂದೆ, ಮೆಣಸಿನ ಮುಂದೆ, ನೀರಿನ ಮುಂದೆ, ಎಲ್ಲ ಕಡೆ ಎರಡೇ ಸಣ್ಣ ಪದ. ಅವಳು ಓದಿಕೊಂಡಂತೆ 'ಆ ಓಜೋ'. ನಿಘಂಟು ನೋಡಿದರೆ ಓಜೋ ಎಂದರೆ ಕಣ್ಣು. ಉಪ್ಪು ಕಣ್ಣು, ಮೆಣಸು ಕಣ್ಣು. ಕಾಲುಚೀಲದ ಅನುಭವವಾಗಿದ್ದರಿಂದ ಅವಳು ಅವಸರ ಮಾಡದೆ ಪುಸ್ತಕ ಮುಂದಿಟ್ಟು ಕೇಳಿದಳು.

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಓದಿದರು. "ಆ ಓಹೋ."

ಸಣ್ಣಕ್ಕ ನಿಘಂಟು ಮುಚ್ಚಿದಳು.

ತಾನು ಜೋ ಎಂದು ಓದಿದ್ದು ಅವರ ಬಾಯಲ್ಲಿ ಹೋ ಆಗಿತ್ತು. ಈ ಆ ಓಹೋ ಅವಳಿಗೆ ಹೊಸದಲ್ಲ. ಹನ್ನೊಂದು ವರ್ಷ ಕೇಳಿದ್ದಳು. ಉಪ್ಪು ಎಷ್ಟು ಹಾಕಲಿ ಎಂದಾಗಲೆಲ್ಲ ದೊಡ್ಡಮ್ಮ, "ಆ, ಓಹೋ," ಎನ್ನುತ್ತಿದ್ದರು. ಅದು ಅವರ ಉದ್ಗಾರ, ಇಷ್ಟೂ ಗೊತ್ತಿಲ್ಲವಾ ಎಂದು ಅಣಕಿಸುವ ರೀತಿ ಎಂದೇ ಅವಳು ತಿಳಿದಿದ್ದಳು. ಒಂದೆರಡು ಸಲ ಮನೆಗೆ ಹೋಗಿ ಗಂಡನ ಹತ್ತಿರ, "ಏನು ಕೇಳಿದ್ರೂ ಓಹೋ ಅಂತಾರೆ ಕಣ್ರೀ," ಎಂದು ಮುನಿಸಿಕೊಂಡೂ ಇದ್ದಳು. ಈಗ ದೊಡ್ಡಮ್ಮ ಎಡಗೈಯ ತೋರುಬೆರಳಿನಿಂದ ತಮ್ಮ ಕೆಳರೆಪ್ಪೆ ಎಳೆದು ಕಣ್ಣುಗುಡ್ಡೆ ತೋರಿಸಿದರು. ಆಮೇಲೆ ಗಾಳಿಯಲ್ಲೇ ಒಂದು ಪಾತ್ರೆ ಇರುವಂತೆ ಬಗ್ಗಿ ನೋಡಿ, ಉಪ್ಪು ಎರಚಿ, ಮತ್ತೆ ನೋಡಿ, ತಲೆಯಾಡಿಸಿದರು.

"ಕಣ್ಣಳತೆ," ಎಂದಳು ಸಣ್ಣಕ್ಕ ಕನ್ನಡದಲ್ಲೇ. ಅವಳ ಅಜ್ಜಿ ಆಡುತ್ತಿದ್ದ ಮಾತು. ಬೇರೆ ಯಾರದೋ ಮನೆಗೆ ಹೋಗಿ ನಮ್ಮ ಮನೆಯ ತಟ್ಟೆ ಅಲ್ಲಿ ಕಂಡ ಹಾಗಾಯಿತು ಅವಳಿಗೆ.

ಆದರೂ ಲೆಕ್ಕ ಬೇಕಲ್ಲ. ಅವಳು ಪೆನ್ನು ಹಿಡಿದು, ಸೂಪಿನ ಪುಟ ತೋರಿಸಿ, "ಕ್ವಾಂತೋ?" ಎಂದಳು. ಎಷ್ಟು? ನೂರಿಪ್ಪತ್ತು ಜನಕ್ಕೆ ಎಷ್ಟು?

ದೊಡ್ಡಮ್ಮ ಪೆನ್ನನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. ಬೆರಳನ್ನು ಸಣ್ಣಕ್ಕನ ಕಣ್ಣಿನ ಕೆಳಗೆ ಮೃದುವಾಗಿ ಒತ್ತಿ, "ತು ಓಹೋ," ಎಂದರು. ನಿನ್ನ ಕಣ್ಣು.

ಅಡುಗೆಮನೆಗೆ ವಾಪಸು ಬರುವಾಗ ಸಣ್ಣಕ್ಕ ಅಂಗಳದಲ್ಲಿ, ಒಣಹಾಕಿದ್ದ ಒರೆಸುವ ಬಟ್ಟೆಗಳ ಮಧ್ಯೆ ನಿಂತುಬಿಟ್ಟಳು. ಈ ಎರಡು ತಿಂಗಳು ಸೂಪು ಯಾರು ಮಾಡಿದರು? ತಾನೇ. ಉಪ್ಪು ಯಾವ ಪುಸ್ತಕ ನೋಡಿ ಹಾಕಿದಳು? ಯಾವುದೂ ಇಲ್ಲ. ಒಂದು ದಿನವೂ ಹೆಚ್ಚುಕಮ್ಮಿ ಆಗಿರಲಿಲ್ಲ. ಪುಸ್ತಕದ ಆ ಅರ್ಧದಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ದೊಡ್ಡಮ್ಮ ಹನ್ನೊಂದು ವರ್ಷ ದಿನಕ್ಕಿಷ್ಟಿಷ್ಟರಂತೆ ತನ್ನ ಕೈಗೆ ಹಾಕಿಟ್ಟಿದ್ದರು. ಹಾಕಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅವಳು ಬಟ್ಟೆಗೆ ಮುಖ ಒರೆಸಿಕೊಂಡಳು. ಅದು ಇನ್ನೂ ಒದ್ದೆಯಾಗಿತ್ತು, ಹಾಗಾಗಿ ಪ್ರಯೋಜನವಾಗಲಿಲ್ಲ.

ಬಲಗೈಯ ಕೆಲಸ ಇನ್ನೂ ಬಾಕಿಯಿತ್ತು. ಮುಷ್ಟಿ ಬಿಗಿದುಕೊಂಡೇ ಇರುತ್ತಿತ್ತು. ದಿನಾ ಬಿಡಿಸಿ ಬಿಡಿಸಿ ಅಭ್ಯಾಸ ಮಾಡಿಸಬೇಕೆಂದು ಮೇಡಂ ಹೇಳಿದ್ದರು, ಆದರೆ ದೊಡ್ಡಮ್ಮನಿಗೆ ಅದೆಂದರೆ ಬೇಸರ. ಒಂದು ಮಧ್ಯಾಹ್ನ ಸಣ್ಣಕ್ಕ ಒಣ ಬಟಾಣಿಯ ಡಬ್ಬಿ ತಂದು ತನ್ನ ಎರಡೂ ಕೈ ಸೇರಿಸಿ ಬೊಗಸೆ ತುಂಬಿ ತೋರಿಸಿದಳು. ಚಿಟಿಕೆಗೆ ಮಾತಿದೆ, ಹಿಡಿಗೆ ಮಾತಿದೆ, ಇದಕ್ಕೆ?

ದೊಡ್ಡಮ್ಮ ಬಹಳ ಹೊತ್ತು ಹುಡುಕಿದರು. ಹುಬ್ಬು ಗಂಟಿಕ್ಕಿತು, ತುಟಿ ಅಲುಗಿತು. "ಅಂಬುವೆಸ್ತಾ," ಎಂದರು ಕೊನೆಗೆ, ನಿಧಾನವಾಗಿ. ಸಣ್ಣಕ್ಕನ ನಿಘಂಟಿನಲ್ಲಿ ಆ ಪದ ಇರಲಿಲ್ಲ. ಅದು ತಮ್ಮ ಅಜ್ಜಿಯ ಮಾತು ಎಂದು ದೊಡ್ಡಮ್ಮ ಬೆನ್ನು ಬಾಗಿಸಿ, ಕೋಲೂರಿದಂತೆ ನಟಿಸಿ ತಿಳಿಸಿದರು. ಆಮೇಲೆ ತಮಗೂ ಬಟಾಣಿ ಬೇಕೆಂದು ಎಡಗೈ ಚಾಚಿದರು. ಬೊಗಸೆಗೆ ಎರಡು ಕೈ ಬೇಕು. ಅವರು ತಮ್ಮ ಬಲಗೈಯನ್ನು ನೋಡಿಕೊಂಡು, ಬೇರೆ ದಾರಿಯಿಲ್ಲದೆ, ಅದನ್ನು ಸಣ್ಣಕ್ಕನ ಮಡಿಲಿಗೆ ಇಟ್ಟರು. ಸಣ್ಣಕ್ಕ ಒಂದೊಂದೇ ಬೆರಳು ಬಿಡಿಸಿ, ಕೆಳಗಿನಿಂದ ಆಧಾರ ಕೊಟ್ಟು, ಎಡಗೈಗೆ ಜೋಡಿಸಿದಳು. ಬಟಾಣಿ ಅರ್ಧ ನಿಂತಿತು, ಅರ್ಧ ಚೆಲ್ಲಿತು. ಆ ದಿನದಿಂದ ದೊಡ್ಡಮ್ಮ ಅಭ್ಯಾಸಕ್ಕೆ ಬೇಡ ಎನ್ನಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಚೆಲ್ಲುವ ಬಟಾಣಿ ಕಡಿಮೆಯಾಯಿತು.

ನಾಲ್ಕನೆಯ ತಿಂಗಳಲ್ಲಿ ಅವರು ಅಡುಗೆಮನೆಗೆ ಬಂದು ಕೂರತೊಡಗಿದರು. ಕಿಟಕಿಯ ಪಕ್ಕ ಅವರಿಗೊಂದು ಕುರ್ಚಿ. ಬ್ರೆಡ್ಡಿನ ದಿನ ಅವರು ಎಣಿಸುತ್ತಿದ್ದರು, ಸಣ್ಣಕ್ಕ ಸುರಿಯುತ್ತಿದ್ದಳು. ಊರಿನ ಮಾತೂ ಮೆಲ್ಲಮೆಲ್ಲಗೆ ಕಾಲುಭಾಗ ತಿರುಗಿ ಬಂತು. ಮೊದಲು ಬಂದದ್ದು ಬೈಗುಳ ಎಂದು ವಾರ್ಡನ್ ಎಲ್ಲರಿಗೂ ಹೇಳಿಕೊಂಡು ನಕ್ಕರು. ಮುಖ್ಯ ಅಡುಗೆಯವಳ ಕೆಲಸವನ್ನು ಸಣ್ಣಕ್ಕನಿಗೆ ಕೊಡುವ ಕಾಗದ ಬಂದಾಗ, ಅದನ್ನು ಅವಳ ಕೈಗಿಡಲು ವಾರ್ಡನ್ ದೊಡ್ಡಮ್ಮನನ್ನೇ ಕರೆದರು.

ಎಂಟನೆಯ ತಿಂಗಳಲ್ಲಿ ಅಕ್ಕನ ಮಗನಿಗೆ ಆರು ದಿನದ ರಜೆ ಸಿಕ್ಕಿತು. ನಲವತ್ತರ ಹತ್ತಿರದ ದಪ್ಪ ಮೀಸೆಯ ಮನುಷ್ಯ, ಚಿಕ್ಕಮ್ಮನನ್ನು ನೋಡಿ ಬಾಗಿಲಲ್ಲೇ ಅತ್ತ. ಅವನಿಗೆ ಊರಿನ ಮಾತು ಸುಮಾರಾಗಿ ಬರುತ್ತಿತ್ತು. ಸಣ್ಣಕ್ಕ ಅವನೊಡನೆ ತನ್ನ ಸ್ಪ್ಯಾನಿಷ್ ಆಡಿ ತೋರಿಸಿದಳು. ನೀವು ಬಂದದ್ದು ಒಂದು ಬೊಗಸೆ ಸಂತೋಷ, ನಿಮ್ಮ ಚಿಕ್ಕಮ್ಮ ನಿನ್ನೆ ಕಾಲು ಭಾಗ ನಿದ್ದೆ ಮಾಡಿದರು, ನಿಮಗೆ ಇನ್ನೂ ಒಂದು ಮರಿ ಚಮಚ ಸೂಪು ಹಾಕಲೇ? ಅವನು ಚಮಚ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಕ್ಕಾ, ನೀವು ಮಾತಾಡಿದ್ರೆ ಅಡುಗೆ ಪುಸ್ತಕ ಓದಿದ ಹಾಗಿದೆ."

"ನಂಗೆ ಬರೋದು ಅಷ್ಟೇ. ಬಸ್ ಸ್ಟ್ಯಾಂಡ್ ಎಲ್ಲಿದೆ ಅಂತ ಕೇಳೋಕೆ ಇವತ್ತಿಗೂ ಬರಲ್ಲ."

ಅವನು ಹೊರಡುವ ದಿನ ಸಣ್ಣಕ್ಕ ದಾರಿಗೆಂದು ಬ್ರೆಡ್ಡು ಕಟ್ಟಿಕೊಟ್ಟಳು. ಅವನು, "ನಾವು ಮಾಡಬೇಕಾದ್ದನ್ನ ನೀವು ಮಾಡಿದ್ರಿ. ಏನು ಹೇಳಬೇಕೋ ಗೊತ್ತಾಗ್ತಿಲ್ಲ," ಎಂದ.

"ನೀವು ಹೇಳೋದು ಬೇಡ. ನನ್ನ ಕಡೆಯಿಂದ ಅವರಿಗೆ ಒಂದು ಮಾತು ಹೇಳ್ಬೇಕು. ಇಷ್ಟು ದಿನ ಮಧ್ಯೆ ಹೇಳೋರು ಸಿಕ್ಕಿರಲಿಲ್ಲ." ಸಣ್ಣಕ್ಕ ಕುರ್ಚಿಯ ಹತ್ತಿರ ಹೋಗಿ ನಿಂತಳು. ಹಿಡಿಯಲು ಸೆರಗಿಲ್ಲದೆ ಏಪ್ರನ್ನಿನ ಅಂಚನ್ನೇ ಹಿಡಿದುಕೊಂಡಳು. "ನಾನು ಈ ಬಾಗಿಲಿಗೆ ಬಂದಾಗ ನಂಗೆ ಏನೂ ಬರ್ತಿರಲಿಲ್ಲ. ಇವತ್ತು ನಂಗೆ ಏನೇನು ಬರುತ್ತೋ ಅದೆಲ್ಲ ಇವರ ಕೈಯಿಂದ ಬಂದದ್ದು. ಅಮ್ಮ ಹೆತ್ತಳು, ಇವರು ನನ್ನನ್ನ ಮನುಷ್ಯಳನ್ನಾಗಿ ಮಾಡಿದ್ರು. ಹಾಗಂತ ಹೇಳಿ."

ಅವನು ಹೇಳಿದ. ಅರ್ಧಕ್ಕೆ ಬಂದಾಗ ಬ್ರೆಡ್ಡಿನ ಗಂಟನ್ನು ಕೈ ಬದಲಿಸಿಕೊಂಡ. ಪೂರ್ತಿ ಮಾಡಿದ. ದೊಡ್ಡಮ್ಮ ತಲೆ ತಗ್ಗಿಸಿ ಕೇಳಿದರು. ಆಮೇಲೆ ನಾಲ್ಕಾರು ಮಾತು, ತಡೆತಡೆದು, ಅವನಿಗೆ ಏನೋ ಹೇಳಿದರು.

"ಏನಂದ್ರು?"

"ಗೊತ್ತು ಅಂತಾರೆ. ಇದನ್ನ ಹೇಳೋಕೆ ಇವನ್ಯಾಕೆ ನಡುವೆ ಅಂತ ಕೇಳ್ತಿದ್ದಾರೆ."

ಸಣ್ಣಕ್ಕ ನಕ್ಕಳು. ದೊಡ್ಡಮ್ಮ ಬಲಗೈಯನ್ನೇ ಎತ್ತಿ, ಪೂರ್ತಿ ಬಿಚ್ಚದ ಆ ಬೆರಳುಗಳಿಂದ ಅವಳ ಕೆನ್ನೆ ತಟ್ಟಿದರು. ಬಸ್ಸಿಗೆ ಹೊತ್ತಾಯಿತೆಂದು ಅಕ್ಕನ ಮಗ ಚೀಲ ಹೆಗಲಿಗೇರಿಸಿದ. ಇಬ್ಬರೂ ಕಿಟಕಿಯಿಂದ ಅವನು ಬೀದಿಯ ತಿರುವು ದಾಟುವವರೆಗೆ ಕೈ ಬೀಸಿ, ಆಮೇಲೆ ಸಂಜೆಯ ಸೂಪಿಗೆ ಕ್ಯಾರೆಟ್ ಹೆಚ್ಚಲು ಕೂತರು.